ಬಿಳಿ ದಾರದ ಗಂಟು

ಇಲಿ ಉಚ್ಚೆ ಬಿಸಿ ಎಂಜಿನ್ನಿನ ಮೇಲೆ ಕಾದರೆ ಎಂಥ ವಾಸನೆ ಬರುತ್ತದೆ ಅನ್ನುವುದು ಗೊತ್ತಿಲ್ಲದವರು ಪುಣ್ಯವಂತರು. ನನಗೆ ಗೊತ್ತು. ಮೂವತ್ತು ವರ್ಷ ಜಯನಗರದಲ್ಲಿ ಗಾಡಿಗಳ ವೈರಿಂಗ್ ಅಂಗಡಿ ಇಟ್ಟಿದ್ದವನು ನಾನು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ದಿನ, ಸದ್ಯ, ಆ ವಾಸನೆಯ ಸಹವಾಸ ತಪ್ಪಿತು ಅಂದುಕೊಂಡಿದ್ದೆ. ಹೋದ ವರ್ಷ ಒಂದು ಬೆಳಿಗ್ಗೆ ತಂಗಿ ಫೋನ್ ಮಾಡಿದಳು. ಅವಳದು ಕೋಣನಕುಂಟೆಯಲ್ಲಿ ಗಿಡದ ನರ್ಸರಿ. "ಅಣ್ಣ, ಒಂದ್ಸಲ ಬಂದು ಗಾಡಿ ನೋಡೋ. ನನ್ ಕೈಲಿ ಆಗ್ತಿಲ್ಲ," ಅಂದಳು.

ಗಾಡಿ ಅಂದರೆ ಅವಳ ಹಳೇ ಪಿಕಪ್ಪು. ಎಂಜಿನ್ ಪೂರ್ತಿ ಕೈಕೊಟ್ಟಿತ್ತು, ಬಾಡಿ ಮಾತ್ರ ಕಲ್ಲಿನ ಹಾಗೆ ಗಟ್ಟಿ. ಹಿಂದಿನಿಂದ ಗುದ್ದಿಸಿಕೊಂಡು ಮೂಲೆ ಸೇರಿದ್ದ ಹೊಸ ಮಾಡೆಲ್ ಗಾಡಿಯೊಂದರ ಎಂಜಿನ್ ತಂದು ಇದಕ್ಕೆ ಕೂರಿಸಿದ್ದಳು. ಕೂರಿಸುವುದು ದೊಡ್ಡದಲ್ಲ, ನಾಲ್ಕು ಬೋಲ್ಟಿನ ಮಾತು. ಕಷ್ಟ ಇರುವುದು ವೈರಿನಲ್ಲಿ. ಹಳೇ ಡೀಸೆಲ್ ಎಂಜಿನ್ನು ಒಂದು ಸಲ ಸ್ಟಾರ್ಟ್ ಆಯಿತೋ, ಬ್ಯಾಟರಿ ಕಿತ್ತು ಮನೆಗೆ ಒಯ್ದರೂ ಓಡುತ್ತಿತ್ತು. ಹೊಸದು ಹಾಗಲ್ಲ. ಅದಕ್ಕೊಂದು ಕಂಪ್ಯೂಟರ್ ಡಬ್ಬ, ಆ ಡಬ್ಬಕ್ಕೆ ತೋಳು ಗಾತ್ರದ ವೈರಿನ ಕಟ್ಟು. ಡಬ್ಬಕ್ಕೆ ಕರೆಂಟು ಚೂರು ಕಮ್ಮಿಯಾದರೂ ಅದು ಮುನಿಸಿಕೊಂಡು ಎಂಜಿನ್ ಆರಿಸಿಬಿಡುತ್ತದೆ.

ಆಗುತ್ತಿದ್ದದ್ದೂ ಅದೇ. ಹೊರಗೆ ಬಿಸಿಲಲ್ಲಿ ಗಾಡಿ ಸೊಗಸಾಗಿ ಓಡುತ್ತಿತ್ತು. ಜೆ.ಪಿ. ನಗರದ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ಹೆಡ್‌ಲೈಟ್ ಹಾಕಿದಳೋ, ಎಂಜಿನ್ ಬಂದ್. ಒಂದು ಸಲ ಮೇಲೆ ಹತ್ತುವಾಗಲೇ ಆರಿಹೋಗಿ, ಕುಂಡಗಳ ಸಮೇತ ಗಾಡಿ ಹಿಂದಕ್ಕೆ ಜಾರಿತ್ತು. ಗೋಡೆ ಸಿಕ್ಕಿದ್ದರಿಂದ ನಿಂತಿತು. ಇನ್ನೊಂದು ಸಲ ಹೀಗಾದರೆ ಗಾಡಿ ಮಾರಿ ನರ್ಸರಿಗೆ ಬೀಗ ಹಾಕುತ್ತೇನೆ ಅಂತ ಕೂತಿದ್ದಳು.

ನಾನು ಹೋಗಿ ಬಾನೆಟ್ ಎತ್ತಿದೆ. ಥೂ. ತೆಂಗಿನ ನಾರು, ಗುಟ್ಕಾ ಪ್ಯಾಕೆಟ್ಟಿನ ಚೂರು ಸೇರಿಸಿ ಇಲಿ ಸಂಸಾರ ಹೂಡಿತ್ತು. ಫ್ಯೂಸ್ ಡಬ್ಬದ ಮೇಲೆ ಎಷ್ಟು ಆಯುಧಪೂಜೆಗಳ ಕುಂಕುಮವೋ, ಎಣ್ಣೆ ಕುಡಿದು ಹಕ್ಕಳೆಗಟ್ಟಿತ್ತು. ಬ್ಯಾಟರಿ ಪಕ್ಕ ಒಣಗಿ ಕರ್ರಗಾದ ನಿಂಬೆಹಣ್ಣು. ಎಲ್ಲಿ ಮುಟ್ಟಿದರೂ ಬಿಸಿಗೆ ಕರಗಿದ ಟೇಪಿನ ಅಂಟು ಹಲಸಿನ ಮೇಣದಂತೆ ಬೆರಳಿಗೆ ಹತ್ತುತ್ತಿತ್ತು. ಅದರಲ್ಲಿ ಹಳೇ ಗಲೀಜು ಯಾವುದು, ಹೊಸ ಕೆಲಸ ಯಾವುದು ಅಂತ ವಿಂಗಡಿಸುವ ತಾಳ್ಮೆ ನನಗಿರಲಿಲ್ಲ.

ವೈರಿಂಗ್ ಮಾಡಿದವನು ಅಲ್ಲೇ ನಿಂತಿದ್ದ. ಗದಗದ ಕಡೆಯವನು, ನಲವತ್ತರ ಆಸುಪಾಸು. ಬಿಟಿಎಂನಲ್ಲಿ ಬಾಡಿಗೆ ಮನೆ, ತಿಲಕ್ ನಗರದಲ್ಲಿ ಸಣ್ಣ ಅಂಗಡಿ. ತಂಗಿಯ ರಸ್ತೆಯ ನರ್ಸರಿ ಗಾಡಿಗಳೇ ಅವನ ಮುಖ್ಯ ಗಿರಾಕಿಗಳು ಅಂತ ತಂಗಿ ಹೇಳಿದ್ದಳು.

"ಏನಯ್ಯಾ ಇದು? ವೈರಿಂಗೋ, ಶಾವಿಗೆಯೋ?" ಅಂದೆ.

"ಸರ, ಆ ಅರ್ತ್ ಒಂದ ಸಲ ನೀವ..." ಅಂತ ಅವನು ಶುರು ಮಾಡಿದ.

"ನನಗೆ ಅರ್ತ್ ಪಾಠ ಹೇಳ್ಕೊಡ್ತೀಯಾ? ನೀನು ಚಡ್ಡಿ ಹಾಕೋ ಕಾಲದಿಂದ ವೈರ್ ಕತ್ತರಿಸ್ತಿದೀನಿ ನಾನು."

ನಾನು ಕಟರ್ ತೆಗೆದುಕೊಂಡು ಅವನೆದುರೇ ಅವನ ಜಾಯಿಂಟುಗಳನ್ನು ಒಂದೊಂದಾಗಿ ಕತ್ತರಿಸಿ ಬಿಸಾಕಿದೆ. ನಮ್ಮ ಕಸುಬಿನಲ್ಲಿ ಒಂದು ಮರ್ಯಾದೆ ಉಂಟು. ಒಬ್ಬ ಹಾಕಿದ ಜಾಯಿಂಟನ್ನು ಅವನು ಕರೆದರೆ ಸಿಗುವ ಹಾಗಿದ್ದರೆ ಇನ್ನೊಬ್ಬ ಬಿಚ್ಚುವುದಿಲ್ಲ, ಅವನನ್ನೇ ಕರೆದು ಬಿಚ್ಚಿಸಬೇಕು. ನನ್ನ ಅಂಗಡಿಯಲ್ಲಿ ಕೆಲಸ ಕಲಿತವರಿಗೆಲ್ಲ ನಾನೇ ಇದನ್ನು ಹೇಳಿಕೊಟ್ಟಿದ್ದೆ. ಅವತ್ತು ಅದು ನೆನಪಾಗಲಿಲ್ಲ ಅಂದರೆ ಸುಳ್ಳು. ಇಂಥವನಿಗೆ ಎಂಥ ಮರ್ಯಾದೆ ಅನ್ನಿಸಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ ನನ್ನ ಬಾಯಿ. ಎದುರಿನ ಟೀ ಅಂಗಡಿಯಲ್ಲಿ ಬೇರೆ ನರ್ಸರಿಗಳ ಮೂವರು ಡ್ರೈವರುಗಳು ನಿಂತು ನೋಡುತ್ತಿದ್ದರು. ಅವರಿಗೆ ಕೇಳುವ ಹಾಗೆ, "ನೋಡ್ಕೊಳ್ರಪ್ಪಾ, ಇವನ ಕೈಗೆ ಕೊಟ್ರೆ ನಿಮ್ ಗಾಡಿಗಳ ಗತಿನೂ ಇದೇ. ಇನ್ಮೇಲೆ ಕೊಡಬೇಡಿ," ಅಂದೆ. ಅವನು ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು, ಸ್ಕೂಟರ್ ಹತ್ತಿ ಹೋದ. ಡ್ರೈವರುಗಳು ನನ್ನ ಮಾತು ನಂಬಿದರು. ಮರುದಿನದಿಂದಲೇ ಗಾಡಿಗಳನ್ನು ಬೇರೆ ಕಡೆ ಒಯ್ಯತೊಡಗಿದರು.

ಮೂರು ದಿನ ಭೂತಗನ್ನಡಿ ಹಿಡಿದುಕೊಂಡು ಬೆಸುಗೆ ಹಾಕಿದೆ. ನಾಲ್ಕನೆಯ ದಿನ ಎಂಜಿನ್ ಸ್ಟಾರ್ಟ್ ಮಾಡಿ, ತಂಗಿಯ ಕಡೆ ಒಂದು ಗತ್ತಿನ ನೋಟ ಬೀರಿ, ಹೆಡ್‌ಲೈಟ್ ಹಾಕಿದೆ. ಎಂಜಿನ್ ಆರಿಹೋಯಿತು.

ಮೀಟರ್ ಹಚ್ಚಿ ನೋಡಿದೆ. ತೊಂದರೆ ಇದ್ದದ್ದು ಅರ್ತಿನಲ್ಲೇ. ಅಂದರೆ ಬಾಡಿಯಿಂದ ಕರೆಂಟು ಬ್ಯಾಟರಿಗೆ ವಾಪಸ್ಸು ಬರುವ ದಾರಿಯಲ್ಲಿ. ಬ್ಯಾಟರಿಗೂ ಬಾಡಿಗೂ ನಡುವೆ ಒಂದು ದಪ್ಪ ಜಂಪರ್ ವೈರ್ ಕೊಟ್ಟು ಮತ್ತೆ ಹೆಡ್‌ಲೈಟ್ ಹಾಕಿದರೆ ಎಂಜಿನ್ ಕೊಂಚವೂ ತಡವರಿಸದೆ ಓಡಿತು. ಹಾಗಾದರೆ ಅಲ್ಲಿರುವ ಅರ್ತ್ ವೈರ್ ಹಾಕಿದ ಮಹಾನುಭಾವ ಯಾರು ಅಂತ ಬೈಯುತ್ತಲೇ ಗಾಡಿಯ ಕೆಳಗೆ ತೂರಿದೆ. ಬ್ಯಾಟರಿ ತಟ್ಟೆಯ ಹಿಂದೆ, ಕೆಸರು ಮೆತ್ತಿದ ಒಂದು ಜಾಯಿಂಟು ಸಿಕ್ಕಿತು. ಟೇಪಿನ ಅಂಚಿನಿಂದ ಹಸಿರು ಕಿಲುಬು ಒಸರುತ್ತಿತ್ತು. ಅಸಹ್ಯವಾಯಿತು. ಹೆಬ್ಬೆರಳಿನಿಂದ ಕೆಸರು ಉಜ್ಜಿದೆ. ಟೇಪಿನ ಮೇಲೆ ದಾರ. ಒಂದು ಕಾಲಕ್ಕೆ ಬಿಳಿಯಾಗಿದ್ದ ದಾರ. ಮೂರು ಸುತ್ತು, ಎರಡು ಗಂಟು.

ಟೇಪಿನ ತುದಿ ಏಳಬಾರದು ಅಂತ ಹಾಗೆ ದಾರ ಕಟ್ಟುತ್ತಿದ್ದವನು ಜಯನಗರಕ್ಕೆಲ್ಲ ನಾನೊಬ್ಬನೇ. ಅದೇ ನನ್ನ ಹೆಮ್ಮೆ.

ಎಲ್ಲ ನೆನಪಾಯಿತು. ಏಳೆಂಟು ವರ್ಷದ ಹಿಂದೆ ಕಂಪನಿಯ ಅರ್ತ್ ಪಟ್ಟಿ ತುಕ್ಕು ಹಿಡಿದು ತುಂಡಾದಾಗ, ಮನೆಯ ಮೋಟಾರಿಗೆ ತಂದು ಉಳಿದಿದ್ದ ತಂತಿಯ ತುಂಡುಗಳನ್ನು ತಿರುಚಿ, ಒಂದು ವಾರದ ಮಟ್ಟಿಗೆ ಅಂತ ನಾನೇ ಹಾಕಿದ್ದೆ. ಹಳೇ ಎಂಜಿನ್ನಿಗೆ ಅದು ಲೆಕ್ಕಕ್ಕೇ ಇರಲಿಲ್ಲ, ಓಡಿತು. ನಾನು ಮರೆತೆ.

ಹೊರಗೆ ಬಂದು ತಂಗಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಆ ವೈರಿಂಗ್‌ನವರು ಮೊದಲ ದಿನಾನೇ ಅದನ್ನ ತೋರ್ಸಿದ್ರು. ದಾರ ನೋಡಿ, ಇದು ನಮ್ಮಣ್ಣ ಹಾಕಿದ್ದು, ಏನೂ ಆಗಿರಲ್ಲ ಅಂದೆ ನಾನು. ಹಂಗಾದ್ರೆ ನಾ ಬಿಚ್ಚಲ್ಲ, ನಿಮ್ಮಣ್ಣನ್ನೇ ಕರೆಸಿ ಅಂದ್ರು. ನಿನ್ನ ಕರೆಸು ಅಂದಿದ್ದೇ ಅವರು ಕಣೋ."

"ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ?"

"ನೀನು ಯಾರಿಗೆ ಬಾಯಿ ತೆಗೆಯೋಕೆ ಬಿಟ್ಟೆ ಅವತ್ತು?"

ಮೈಯೆಲ್ಲ ಗಲೀಜಾದ ಹಾಗಾಯಿತು. ಎರಡು ಸಲ ಸೋಪು ಹಾಕಿ ಕೈ ತೊಳೆದೆ. ಆಮೇಲೆ ಟೀ ಅಂಗಡಿಗೆ ಹೋಗಿ ಮೂವರು ಡ್ರೈವರುಗಳೂ ಬರುವ ತನಕ ಕಾದು, ಕೆಟ್ಟಿದ್ದು ನನ್ನ ಜಾಯಿಂಟು, ಅವನ ಕೆಲಸದಲ್ಲಿ ತಪ್ಪಿರಲಿಲ್ಲ ಅಂತ ಹೇಳಿದೆ. ಒಬ್ಬ ನಕ್ಕು, "ಬಿಡಿ ಅಂಕಲ್, ವಯಸ್ಸಾಯ್ತಲ್ವಾ," ಅಂದ. ಆ ನಗು ನನಗೆ ಸಲ್ಲಬೇಕಾದದ್ದೇ. ಆದರೆ ಅವರು ಗಾಡಿಗಳನ್ನು ವಾಪಸ್ಸು ಅವನ ಹತ್ತಿರ ಒಯ್ಯುತ್ತೇವೆ ಅಂತ ಮಾತ್ರ ಹೇಳಲಿಲ್ಲ.

ತಿಲಕ್ ನಗರಕ್ಕೆ ಹೋದೆ. ಅವನ ಅಂಗಡಿಯ ಮುಂದೆ ಒಂದೂ ಗಾಡಿ ಇರಲಿಲ್ಲ. ಅವನೊಬ್ಬನೇ ಕೂತು ಹಳೇ ಹಾರ್ನೊಂದನ್ನು ಬಿಚ್ಚಿ ಒರೆಸುತ್ತಿದ್ದ. ನಾನು ಸುತ್ತಿ ಬಳಸದೆ, "ತಪ್ಪು ನಂದೇ. ನಿಮ್ಮ ಜಾಯಿಂಟ್‌ಗಳನ್ನ ಕತ್ತರಿಸಿದ್ದೂ ತಪ್ಪು, ಅವರೆಲ್ಲರ ಎದುರಿಗೆ ಮಾತಾಡಿದ್ದೂ ತಪ್ಪು. ಗಾಡಿ ನೀವೇ ಬಂದು ಸರಿ ಮಾಡಿಕೊಡಬೇಕು," ಅಂದೆ. ಅವನು ತಲೆ ಎತ್ತದೆ ಹಾರ್ನ್ ಒರೆಸುವುದನ್ನು ಮುಗಿಸಿದ.

"ಬರ್ತೇನ್ರಿ ಸರ. ಗಾಡಿ ಏನ್ ತಪ್ಪ ಮಾಡೇತಿ," ಅಂದ. ಆಮೇಲೆ, "ಆದ್ರ ನೀವು ಅಲ್ಲಿ ನಿಂದ್ರಬ್ಯಾಡ್ರಿ."

ಮರುದಿನ ಅವನು ಬರುವ ಮೊದಲೇ ಹೋಗಿ ಗಾಡಿಯ ಕೆಳಗೆ ಮಲಗಿದೆ. ಗಂಟು ಕಲ್ಲಾಗಿತ್ತು. ಕಟರ್ ಜೇಬಿನಲ್ಲೇ ಇತ್ತು, ಮುಟ್ಟಲಿಲ್ಲ. ಉಗುರಿನಲ್ಲೇ ಬಿಡಿಸಿದೆ. ಟೇಪು ಸುಲಿದರೆ ಒಳಗೆ ಒಂದೆರಡು ಎಳೆ ಬಿಟ್ಟರೆ ತಂತಿಯೇ ಇರಲಿಲ್ಲ, ಹಸಿರು ಹುಡಿ, ಅದಕ್ಕೊಂದು ಹುಳಿ ವಾಸನೆ. ಅದನ್ನೆಲ್ಲ ಅವನಿಗೆ ಕಾಣುವ ಹಾಗೆ ಒಂದು ಪೇಪರಿನ ಮೇಲಿಟ್ಟು ಮನೆಗೆ ಬಂದೆ.

ಮಧ್ಯಾಹ್ನ ತಂಗಿ ಫೋನ್ ಮಾಡಿದಳು. ಬೇಸ್‌ಮೆಂಟಿಗೆ ಇಳಿಸಿ ಹೆಡ್‌ಲೈಟ್ ಹಾಕಿ ನೋಡಿದೆವು, ಎಂಜಿನ್ ಆರಲಿಲ್ಲ ಅಂದಳು.

"ಅವರು ಏನಾದ್ರೂ ಅಂದ್ರಾ?" ಅಂತ ಕೇಳಿದೆ.

"ಬಂದ ತಕ್ಷಣ ಆ ಗಂಟು ಬಿಚ್ಚಿದ್ದು ಯಾರು ಅಂತ ಕೇಳಿದ್ರು. ನಮ್ಮಣ್ಣನೇ ಅಂದೆ. ಆಮೇಲೇನೇ ಚೀಲ ಕೆಳಗಿಟ್ಟಿದ್ದು."