ಮುಳ್ಳು ಹಸಿರಲ್ಲೇ ಇತ್ತು

ಮೋಟರ್ ಸೈಕಲ್ಲುಗಳ ವೈರಿಂಗ್ ಮಾಡುತ್ತಿದ್ದ ಆ ಮನುಷ್ಯನನ್ನು ಬೀದಿಯವರೆಲ್ಲ ತಂತಿರಾಯ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ಜಂಭ ಬೇರೆ. ಕಣ್ಣು ಕಟ್ಟಿ ಬಿಟ್ಟರೂ ಬೆರಳಲ್ಲಿ ಸವರಿ ಕೆಟ್ಟ ವೈರು ಯಾವುದೆಂದು ಹೇಳುತ್ತಾನೆ ಎಂಬುದು ಅವನೇ ಹಬ್ಬಿಸಿದ ಸುದ್ದಿ. ಪೂರ್ತಿ ಸುಳ್ಳೇನಲ್ಲ, ಪಳಗಿದ ಕೈ. ಅಂಥವನು ಒಂದು ದಿನ ಬೆಳಿಗ್ಗೆ ತನ್ನದೇ ಅಂಗಡಿಯಲ್ಲಿ ಗರ ಬಡಿದವನಂತೆ ನಿಂತುಬಿಟ್ಟ.

ಆದದ್ದಿಷ್ಟು. ಅವನ ಅಕ್ಕ ಕೆಲಸ ಮುಗಿಸಿ ಬಂದವಳು ಎಂದಿನಂತೆ ಬೆಂಚಿನ ತುದಿಯಲ್ಲಿ ಕೂತು, ಲ್ಯಾಬಿನ ಕಾವಲುಗಾರ ಎಂಥ ಸೋಮಾರಿ ಎಂದು ಬಣ್ಣಿಸುತ್ತಿದ್ದಳು. ನಡುವೆ ಟೀ ಲೋಟ ಇಡಲು ಜಾಗ ಬೇಕಾಯಿತು. ಅಡ್ಡವಿದ್ದ, ತಂತಿ ಬೆಸೆಯುವ ಸೋಲ್ಡರಿಂಗ್ ಕಡ್ಡಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅವಳು ಹಿಡಿದದ್ದು ಮರದ ಹಿಡಿಯನ್ನಲ್ಲ, ಕಾದ ಮೂತಿಯನ್ನು. ಚರ್ಮ ಸುಟ್ಟ ವಾಸನೆ ಬಂತು. ಅವಳು ಮೂಗು ಸಿಂಡರಿಸಿದಳು.

"ಏನೋ ಸುಡ್ತಾ ಇದೆಯಲ್ಲೋ, ನೋಡು," ಅಂದಳು.

ತಂತಿರಾಯ ಅವಳ ಕೈ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದ. ಎರಡು ಬೆರಳ ತುದಿ ಬೆಳ್ಳಗೆ ಬೊಬ್ಬೆ ಎದ್ದಿತ್ತು. ನೋವಾಗುತ್ತಿಲ್ಲವೇ ಎಂದರೆ ಇಲ್ಲವೆಂದಳು. ಎಷ್ಟು ದಿನದಿಂದ ಹೀಗೆ ಎಂದರೆ, ಸ್ವಲ್ಪ ದಿನವಾಯಿತು, ಜೋಮು ಅಷ್ಟೇ, ಈಗೀಗ ಅಂಗಿ ಗುಂಡಿಯನ್ನು ಕಣ್ಣಲ್ಲಿ ನೋಡಿಕೊಂಡೇ ಹಾಕಬೇಕು ಎಂದಳು. ಯಾರದೋ ಕೈಯ ಸುದ್ದಿ ಹೇಳಿದ ಹಾಗೆ ಹೇಳಿದಳು!

ಈ ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅಲ್ಲಿಂದಾಚೆಗೆ ಅವನ ತಲೆ ಬಾಚಿ, ಕಿವಿ ಹಿಂಡಿ, ಅನ್ನ ಹಾಕಿ ಬೆಳೆಸಿದವಳು ಅವಳೇ. ಈಗ ಗುಡ್ಡದಾಚೆಯ ಆಸ್ಪತ್ರೆಯಿಂದ ರಕ್ತದ ಸ್ಯಾಂಪಲ್ಲುಗಳನ್ನು ಪೆಟ್ಟಿಗೆಯಲ್ಲಿಟ್ಟು ಮೋಟರ್ ಸೈಕಲ್ಲಿನಲ್ಲಿ ಪಟ್ಟಣದ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಬೆಳಗಿನ ಐದಕ್ಕೆ ಹೊರಟರೆ ಏಳಕ್ಕೆ ತಲುಪಬೇಕು. ಚಳಿಗಾಲದಲ್ಲಿ ಆ ದಾರಿ ಎಂದರೆ ಎದುರಿಗೆ ಆನೆ ನಿಂತರೂ ಕಾಣದಷ್ಟು ಮಂಜು, ಹಲ್ಲು ಕಟಕಟಿಸುವ ಗಾಳಿ.

ಅದಕ್ಕೇ ಮೂರು ತಿಂಗಳ ಹಿಂದೆ ತಮ್ಮ ತನ್ನ ವಿದ್ಯೆಯೆಲ್ಲ ಸುರಿದಿದ್ದ. ಮುಂದೆ ಎರಡು ಹೆಚ್ಚಿನ ದೀಪ. ಅಸ್ತರಿನಲ್ಲಿ ಬಿಸಿಯಾಗುವ ತಂತಿ ಹೊಲಿದ ಜಾಕೆಟ್ಟು, ಅದರ ತೋಳಿಗೆ ಸಿಕ್ಕಿಸುವ ಬಿಸಿ ಗ್ಲೌಸು. ಒಂದೇ ತೊಡಕು: ಏರಿನಲ್ಲಿ ಗಾಡಿ ನಿಧಾನವಾದಾಗ ಇಂಜಿನ್ನು ಕೊಡುವ ಕರೆಂಟು ಎಲ್ಲಕ್ಕೂ ಸಾಲುತ್ತಿರಲಿಲ್ಲ, ಬ್ಯಾಟರಿ ಇಳಿದು ಗಾಡಿಯೇ ನಿಂತುಹೋಗಬಹುದಿತ್ತು. ಹಾಗಾಗಿ ಹ್ಯಾಂಡಲ್ಲಿನ ಮೇಲೊಂದು ಮೀಟರು ಕೂರಿಸಿದ. ಮುಳ್ಳು ಹಸಿರಲ್ಲಿದ್ದರೆ ಕ್ಷೇಮ.

"ಮುಳ್ಳು ಕೆಂಪಿಗೆ ಬಂದ್ರೆ ಎಕ್ಸ್‌ಟ್ರಾ ಆಫ್ ಮಾಡ್ಬಿಡು ಅಕ್ಕ, ಅಷ್ಟೇ," ಎಂದಿದ್ದ.

ಅಂದಿನಿಂದ ಬಂದ ಗಿರಾಕಿಗೆಲ್ಲ ಅದೇ ಪುರಾಣ. ಊರೆಲ್ಲ ನಡುಗುವಾಗ ನಮ್ಮಕ್ಕ ಒಲೆ ಮುಂದೆ ಕೂತ ಹಾಗೆ ಹೋಗಿ ಬರುತ್ತಾಳೆ ಎಂದು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. ಪಕ್ಕದ ಅಂಗಡಿಯ ಕ್ಷೌರಿಕ, ಹಾಗಾದರೆ ನಿಮ್ಮಕ್ಕನ ಜೇಬಿನಲ್ಲಿ ಎರಡು ಮೊಟ್ಟೆ ಇಟ್ಟು ಕಳಿಸು ಮಾರಾಯ, ಬೆಂದು ಬರಲಿ ಎಂದು ಕಾಲೆಳೆದಿದ್ದ.

ಬೆರಳಿಗೆ ಬಟ್ಟೆ ಸುತ್ತಿದವನೇ ತಂತಿರಾಯ ಗಾಡಿಯ ಹತ್ತಿರ ಓಡಿದ. ಎಲ್ಲೋ ವೈರು ಕಡಿದು ಗ್ಲೌಸು ಬಿಸಿಯಾಗುತ್ತಿಲ್ಲ, ತನ್ನ ಬೆಸುಗೆಯೇ ಕೈಕೊಟ್ಟಿದೆ ಎಂದುಕೊಂಡ. ಜೋಡಣೆಗಳನ್ನು ಒಂದೊಂದಾಗಿ ಜಗ್ಗಿ ನೋಡಿದ. ಎಲ್ಲ ಕಲ್ಲಿನ ಹಾಗೆ ಗಟ್ಟಿ. ಇಂಜಿನ್ನು ಚಾಲೂ ಮಾಡಿ ಜಾಕೆಟ್ಟಿನ ಸ್ವಿಚ್ಚು ಒತ್ತಿ, ಗ್ಲೌಸಿನೊಳಗೆ ಕೈ ತೂರಿಸಿದ. ಎರಡೇ ನಿಮಿಷಕ್ಕೆ ಅಂಗೈ ಬೆವರಿತು. ಅವನಿಗೆ ತಲೆಯೇ ಓಡಲಿಲ್ಲ.

ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಅವಳ ಬೆರಳಿಗೆ ಸೂಜಿ ಚುಚ್ಚುತ್ತ ಹೋದರು. ಅವಳು ಗೋಡೆಯ ಗಡಿಯಾರ ನೋಡುತ್ತ ಕೂತಿದ್ದಳು, ಒಂದು ಸಲವೂ ಕೈ ಹಿಂದೆ ಎಳೆದುಕೊಳ್ಳಲಿಲ್ಲ. ದಿನವೂ ಗಂಟೆಗಟ್ಟಲೆ ಚಳಿ ಹೊಡೆದು ನರ ಕೆಟ್ಟಿವೆ, ಸ್ವಲ್ಪ ಸರಿಹೋಗಬಹುದು, ಎಷ್ಟೆಂದು ಹೇಳಲಾರೆ, ಗಾಡಿ ಮಾತ್ರ ಇನ್ನು ಬೇಡ ಎಂದರು. ಚಳಿಯೇ? ಆ ಜಾಕೆಟ್ಟು ಹಾಕಿಕೊಂಡವಳಿಗೆ ಚಳಿಯೇ?

ಹೊರಗಿನ ಬೆಂಚಿನಲ್ಲಿ ಕೂತ ಮೇಲೆ ಅವನು ಕೇಳಿಯೇಬಿಟ್ಟ. ಜಾಕೆಟ್ಟಿನ ಸ್ವಿಚ್ಚು ಹಾಕುತ್ತಿದ್ದೆಯೋ ಇಲ್ಲವೋ?

"ಮೊದಲ ದಿನ ಹಾಕಿದ್ದೆ. ಏರಿನಲ್ಲಿ ಮುಳ್ಳು ಕೆಂಪಿಗೆ ಬಂತು. ನೀನೇ ಹೇಳಿದ್ದೆಯಲ್ಲ, ಎಕ್ಸ್‌ಟ್ರಾ ಆಫ್ ಮಾಡು ಅಂತ. ಮಾಡಿದೆ. ಆಮೇಲೆ ಹಾಕೋಕೇ ಹೋಗಲಿಲ್ಲ."

"ಅಕ್ಕಾ, ಎಕ್ಸ್‌ಟ್ರಾ ಅಂದ್ರೆ ಲೈಟು!"

ಅವನ ಅಂಗಡಿಯಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ. ಒಂದು ಜೊತೆ ಎಕ್ಸ್‌ಟ್ರಾ ಹಾಕು ಎಂದರೆ ಜೋಡಿ ದೀಪ ಹಾಕು ಎಂದೇ. ಹುಟ್ಟಿದಾಗಿನಿಂದ ಎಲ್ಲರಿಗೂ ಗೊತ್ತಿರುವ ಮಾತು ಎಂದುಕೊಂಡಿದ್ದ, ಪೆದ್ದ. ಅಕ್ಕ ಅವನನ್ನು ವಿಚಿತ್ರವಾಗಿ ನೋಡಿದಳು.

"ಲೈಟು ಹೇಗೋ ಎಕ್ಸ್‌ಟ್ರಾ ಆಗತ್ತೆ? ದಾರಿ ಕಾಣಬೇಡವಾ? ಜನರ ರಕ್ತ ಇರತ್ತೆ ಪೆಟ್ಟಿಗೆಲಿ. ನಂಗೆ ಬೆಚ್ಚಗಿರೋದು ತಾನೇ ಎಕ್ಸ್‌ಟ್ರಾ?"

ಮೂರು ತಿಂಗಳು, ದಿನಾ ಬೆಳಿಗ್ಗೆ, ಅವನು ತಪ್ಪದೆ ಕೇಳಿದ್ದ: ಮುಳ್ಳು ಎಲ್ಲಿತ್ತು ಅಕ್ಕ? ಹಸಿರಲ್ಲೇ ಇತ್ತು ಎಂದಿದ್ದಳು. ಅವನು ಮೀಸೆ ತಿರುವಿದ್ದ. ಚಳಿಯಾಯಿತೇ ಎಂದು ಒಂದು ದಿನವೂ ಕೇಳಿರಲಿಲ್ಲ. ಬ್ಯಾಟರಿಯ ಕ್ಷೇಮ ವಿಚಾರಿಸಿದ ಮನುಷ್ಯ ಅಕ್ಕನದನ್ನು ವಿಚಾರಿಸಿರಲಿಲ್ಲ. ಥೂ ನನ್ನ ಜನ್ಮಕ್ಕೆ ಎಂದುಕೊಂಡ.

ಅವಳು ಆಗಲೇ, ನಾಳೆ ಸ್ಯಾಂಪಲ್ ಯಾರು ಒಯ್ಯುತ್ತಾರೆ ಎಂದು ಚಿಂತಿಸುತ್ತ ಬಾಗಿಲ ಕಡೆ ನೋಡುತ್ತಿದ್ದಳು. ಸುಡದೆ ಉಳಿದಿದ್ದ ಎಡಗೈಯನ್ನು ಅವನು ಮೆಲ್ಲಗೆ ಎತ್ತಿಕೊಂಡು, ತನ್ನ ಎರಡೂ ಅಂಗೈಗಳ ನಡುವೆ ಇಟ್ಟು ಬಿಗಿಯಾಗಿ ಒತ್ತಿ ಹಿಡಿದ. ಎಷ್ಟೋ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಅವಳು ತಿರುಗಲಿಲ್ಲ.

"ಬೆಚ್ಚಗಾಯ್ತಾ ಅಕ್ಕ?"

"ಏನು?" ಎಂದು ಅವಳು ಇತ್ತ ತಿರುಗಿ, ತನ್ನ ಕೈಯತ್ತ ನೋಡಿದಳು. "ಓ, ಹಿಡ್ಕೊಂಡಿದ್ದೀಯಾ?"