ಈಸಾವ್ ತಾತನ ಹೆಸರಿಗೆ ಬಂದ ಟಪಾಲು

ಲುವೀನಿಯಾ ಟಟ್ನಾಲ್ ಸರ್ಕಾರದ ಒಂದು ಕಾಸನ್ನೂ ಬಾಕಿ ಉಳಿಸಿಕೊಂಡವಳಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣ ತುದಿಯ ಮಾರ್ಕಮ್ ಕೌಂಟಿಯಲ್ಲಿ ಅವಳನ್ನು ಬಲ್ಲವರೆಲ್ಲ ಈ ಮಾತನ್ನು ಒಪ್ಪುತ್ತಾರೆ, ಅವಳನ್ನು ಕಂಡರಾಗದವರೂ ಕೂಡ. ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯವೆಲ್ಲ ಸೌಟು ಹಿಡಿದು ಮೊಣಕಾಲು ಸವೆಸಿಕೊಂಡಳು. ಗಂಡನನ್ನು ಮಣ್ಣು ಮಾಡಿದಳು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಕಳೆದುಕೊಂಡ ತಮ್ಮ ಕ್ಲೀವನ್‌ನನ್ನು ಮನೆಗೆ ಕರೆತಂದು ಸಾಕಿದಳು. ಇಷ್ಟರ ನಡುವೆ ಪ್ರತಿ ವರ್ಷ ಚಳಿ ಕಳೆದ ಕೂಡಲೇ ಕೌಂಟಿಯ ತೆರಿಗೆ ಕಚೇರಿಗೆ ಹೋಗಿ, ತಾನಿರುವ ಟ್ರೇಲರ್ ಮನೆಯ ಬಿಲ್ಲು ಕಟ್ಟಿ, ಅವರು ಕೊಡುವ ಬಣ್ಣದ ಸ್ಟಿಕ್ಕರನ್ನು ತಂದು ರಸ್ತೆಗೆ ಕಾಣುವ ಕಿಟಕಿಗೆ ಅಂಟಿಸುತ್ತಿದ್ದಳು. ಹಳೆಯದನ್ನು ಕೀಳುತ್ತಿರಲಿಲ್ಲ. ಕಟ್ಟಿದ್ದೇನೆ ಅನ್ನುವುದು ನಾಲ್ಕು ಜನಕ್ಕೆ ಕಾಣಲಿ ಎಂಬ ಹಟ.

ಟ್ರೇಲರ್ ನಿಂತಿದ್ದ ಐದೆಕರೆ ಅವಳ ತಾತ ಈಸಾವ್‌ನದು. ಪೈನ್ ಕಾಡಿನಲ್ಲಿ ಮರ ಕೆತ್ತಿ ಅಂಟು ಇಳಿಸಿದ ಕೂಲಿ ದುಡ್ಡಿನಲ್ಲಿ, ಕರಿಯರಿಗೆ ನೆಲ ಮಾರಲು ಬಿಳಿಯರು ಒಲ್ಲೆ ಎನ್ನುತ್ತಿದ್ದ ಕಾಲದಲ್ಲಿ ಕೊಂಡದ್ದು. ತಾತ ಉಯಿಲು ಬರೆಯಲಿಲ್ಲ. ನಮ್ಮ ಜನ ಯಾರು ಬರೆದರು ಹೇಳಿ? ವಕೀಲನ ಹೊಸ್ತಿಲು ತುಳಿದವರ ನೆಲ ವಕೀಲನದೇ ಆದದ್ದನ್ನು ಕಣ್ಣಾರೆ ಕಂಡವರು ನಾವು. ಹಾಗಾಗಿ ಕಾಗದದಲ್ಲಿ ತಾತನ ಹೆಸರೇ ಉಳಿಯಿತು, ನೆಲ ಮಕ್ಕಳು ಮೊಮ್ಮಕ್ಕಳೆಲ್ಲರದೂ ಆಯಿತು. ಹಿಂದುಗಡೆ ಓಕ್ ಮರದ ಕೆಳಗೆ ತಾತ, ಅಜ್ಜಿ, ಅಪ್ಪ, ಅವ್ವ, ಲುವೀನಿಯಾಳ ಗಂಡ, ಜ್ವರ ಬಂದು ಶಾಲೆಗೆ ಸೇರುವ ಮೊದಲೇ ಹೋದ ಅವಳ ಒಬ್ಬಳೇ ಮಗಳು, ಎಲ್ಲರೂ ಮಲಗಿದ್ದಾರೆ.

ಹೋದ ಸೆಪ್ಟೆಂಬರಿನ ಬಿರುಗಾಳಿ ಟ್ರೇಲರಿನ ಸೂರನ್ನು ಒಂದು ಮಗ್ಗುಲಿಗೆ ಎತ್ತಿ ಬಿಸಾಡಿತು. ಸೂರು ರಿಪೇರಿಗೆ ಸರ್ಕಾರ ದುಡ್ಡು ಕೊಡುತ್ತದೆ, ನೆಲ ನಿಮ್ಮದೇ, ತೆರಿಗೆ ಬಾಕಿಯಿಲ್ಲ ಎಂದು ಒಂದು ಕಾಗದ ತೋರಿಸಬೇಕು ಎಂದು ಚರ್ಚಿನಲ್ಲಿ ಹೇಳಿದರು. ಇಷ್ಟೇ ತಾನೇ ಅಂದುಕೊಂಡ ಲುವೀನಿಯಾ ಭಾನುವಾರ ಚರ್ಚಿಗೆ ಹಾಕುವ ಟೋಪಿ ಇಟ್ಟುಕೊಂಡು ಸೋಮವಾರವೇ ಹೊರಟಳು.

ತೆರಿಗೆ ಕಚೇರಿಯ ಕಿಟಕಿಯ ಹಿಂದೆ ಕೂತಿದ್ದವಳು ಜನೆಲ್. ಶಾಲೆಯಲ್ಲಿ ಲುವೀನಿಯಾ ಬಡಿಸಿದ ಊಟ ಉಂಡೇ ಬೆಳೆದ ಹೆಣ್ಣು, ಈಗ ಅವಳ ಮಕ್ಕಳೇ ಕಾಲೇಜಿಗೆ ಬಂದಿದ್ದಾರೆ. ಆದರೂ ಆ ಕಡೆಯ ಮರ್ಯಾದೆಯಂತೆ ಹಿರಿಯಳನ್ನು ‘ಮಿಸ್’ ಎಂದೇ ಕರೆಯುತ್ತಾಳೆ.

“ಏನ್ ಮಿಸ್ ಲುವೀನಿಯಾ, ಈ ವರ್ಷ ಇಷ್ಟು ಅವಸರ? ಬಿಲ್ಲು ಇನ್ನೂ ಬಂದೇ ಇಲ್ಲ.”

“ಕಟ್ಟೋಕೆ ಬಂದಿಲ್ಲ ಕಣೇ. ಕಟ್ಟಿದೀನಿ ಅಂತ ಒಂದು ಚೀಟಿ ಕೊಡು. ನೆಲದ್ದು.”

ಜನೆಲ್ ಕಂಪ್ಯೂಟರಿನಲ್ಲಿ ಕುಟ್ಟಿ ನೋಡಿದಳು. “ಇಲ್ಲಿರೋದು ಟ್ರೇಲರಿಂದು. ನೆಲದ್ದು ಬೇರೆ ಇರತ್ತಲ್ಲ.”

“ಬೇರೆ ಅಂದ್ರೆ?”

“ನೆಲಕ್ಕೊಂದು ಬಿಲ್ಲು, ಟ್ರೇಲರಿಗೊಂದು ಬಿಲ್ಲು. ಚಕ್ರದ ಮೇಲೆ ಬಂದ ಮನೆ ಅಲ್ವಾ, ಅದನ್ನ ಕಾರಿನ ಥರ ಲೆಕ್ಕ ಹಾಕ್ತಾರೆ.”

“ಚಕ್ರ ಕಳಚಿ ಎಷ್ಟು ಕಾಲ ಆಯ್ತೇ ತಾಯಿ. ಅದರಡಿ ಕೋಳಿಗಳು ಮೂರು ತಲೆಮಾರು ಸಂಸಾರ ಮಾಡಿವೆ.”

ಇಬ್ಬರೂ ನಕ್ಕರು. ನಗುತ್ತಲೇ ಜನೆಲ್ ರಸ್ತೆಯ ಹೆಸರು ಹಾಕಿ ನಕ್ಷೆ ತೆಗೆದಳು. ಬಿಳಿ ಗೆರೆಗಳ ನಡುವೆ ಆ ಐದೆಕರೆ, ಅದರ ಮೇಲೆ ಒಂದು ನಂಬರು. ನಂಬರನ್ನು ಒತ್ತಿದರೆ ಒಡೆಯನ ಹೆಸರು, ಬಿಲ್ಲು ಹೋಗುವ ವಿಳಾಸ, ಕಟ್ಟಿದ ವರ್ಷ, ಕಟ್ಟದ ವರ್ಷ ಎಲ್ಲ ಬರುತ್ತದೆ. ಯಾರು ಬೇಕಾದರೂ ನೋಡಬಹುದು, ಮನೆಯಲ್ಲೇ ಕೂತೂ ನೋಡಬಹುದು. ನೋಡಬೇಕು ಅನ್ನುವುದನ್ನು ಮಾತ್ರ ಲುವೀನಿಯಾಗೆ ಈ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ.

ಜನೆಲ್‌ಳ ನಗು ನಿಂತುಹೋಯಿತು. ಪರದೆಯನ್ನು ನಿಧಾನವಾಗಿ ಅವಳ ಕಡೆ ತಿರುಗಿಸಿದಳು. ಒಡೆಯರು ಎಂದಿದ್ದ ಕಡೆ ಅಟ್ಲಾಂಟಾದ ಯಾವುದೋ ಕಂಪನಿಯ ಹೆಸರಿತ್ತು.

“ಯಾರಿವ್ರು?”

“ಹರಾಜಲ್ಲಿ ಹಿಡಿದಿದಾರೆ ಮಿಸ್ ಲುವೀನಿಯಾ. ನೆಲದ ತೆರಿಗೆ ಕಟ್ಟಿರಲಿಲ್ಲ, ಕೋರ್ಟಿನ ಮೆಟ್ಟಿಲ ಮೇಲೆ ಹರಾಜಾಗಿದೆ.”

“ಕಟ್ಟದೇ ಇರೋಕೆ ಇಷ್ಟು ದಿನ ಹೆಂಗ್ ಬಿಟ್ರು? ಯಾರೋ ಕಟ್ತಿದ್ರು ಅಂತ ತಾನೇ?”

ಕಟ್ಟುತ್ತಿದ್ದವನು ಹೋಸಿಯಾ, ಡೆಟ್ರಾಯಿಟ್ಟಿನಲ್ಲಿದ್ದ ದೊಡ್ಡಪ್ಪನ ಮಗ. ಪರದೆಯಲ್ಲಿ ಬಿಲ್ಲು ಹೋಗುವ ಹಳೆಯ ವಿಳಾಸ ಅವನದೇ ಇತ್ತು. ಕಾರ್ಖಾನೆಯ ಸಂಬಳದಲ್ಲಿ ವರ್ಷ ವರ್ಷವೂ ಕಟ್ಟಿದ, ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ. ಒಳ್ಳೆಯವನೇ, ಆದರೆ ಹೀಗೆ ಮೌನವಾಗಿ ಮಾಡಿದ ಉಪಕಾರ ಕೊನೆಗೆ ಕುತ್ತಿಗೆಗೇ ಬಂತು. ಅವನು ಸತ್ತ. ಡೆಟ್ರಾಯಿಟ್ಟಿಗೆ ಹೋದ ಬಿಲ್ಲುಗಳು ಹಿಂದಿರುಗಿದವು. ಆಗ ಕೌಂಟಿಯವರು ನೆಲದ ವಿಳಾಸಕ್ಕೇ ಕಳಿಸತೊಡಗಿದರು, ಈಸಾವ್ ಟಟ್ನಾಲ್ ಎಂಬ ಹೆಸರಿಗೆ.

ಲುವೀನಿಯಾಗೆ ನೆನಪಾಯಿತು. ಆ ಲಕೋಟೆಗಳು ಬಂದಿದ್ದವು. ಅವಳ ಕೈಗೇ ಬಂದಿದ್ದವು. ಬೇರೆಯವರ ಹೆಸರಿನ ಟಪಾಲು ಒಡೆದರೆ ಜೈಲು ಎಂದು ಅವ್ವ ಚಿಕ್ಕಂದಿನಲ್ಲೇ ತಲೆಗೆ ತುಂಬಿದ್ದಳು; ಕರಿಯರು ಇನ್ನೂ ಚಿಕ್ಕ ತಪ್ಪಿಗೆ ಜೈಲು ಕಂಡ ಕಾಲ ಅದು. ಅದರ ಮೇಲೆ ಸತ್ತವರ ಹೆಸರಿನದು, ಮುಟ್ಟುವುದೇ ಅಪಚಾರ. ಆದ್ದರಿಂದ ಪ್ರತಿ ಲಕೋಟೆಯ ಮೇಲೂ ‘ತೀರಿಕೊಂಡಿದ್ದಾರೆ, ದಯವಿಟ್ಟು ವಾಪಸ್ ಕಳಿಸಿ’ ಎಂದು ದುಂಡಗೆ ಬರೆದು, ಟಪಾಲಿನವನು ಒಯ್ಯಲೆಂದು ಮನೆ ಮುಂದಿನ ಟಪಾಲು ಡಬ್ಬಿಯಲ್ಲೇ ಇಟ್ಟಿದ್ದಳು. ಒಂದನ್ನೂ ಕಸಕ್ಕೆ ಹಾಕಲಿಲ್ಲ. ಅಷ್ಟು ಪ್ರಾಮಾಣಿಕತೆ ಅವಳದು, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

“ಈಗ ಕಟ್ತೀನಿ,” ಎಂದಳು. “ಎಷ್ಟಾದ್ರೂ ಕಟ್ತೀನಿ. ಚರ್ಚಲ್ಲಿ ಕೇಳ್ತೀನಿ.”

“ಹರಾಜಾದ ಮೇಲೆ ಒಂದು ವರ್ಷ ಬಿಡಿಸ್ಕೊಳ್ಳೋಕೆ ಅವಕಾಶ ಇತ್ತು. ಅದಾದ ಮೇಲೂ, ಇಂಥ ದಿನದೊಳಗೆ ಬಿಡಿಸ್ಕೊಳ್ಳದಿದ್ರೆ ಹೋಯ್ತು ಅಂತ ಮನೇಲಿರೋರ ಕೈಗೇ ನೋಟಿಸು ಕೊಡ್ಬೇಕು. ಆ ದಿನವೂ ದಾಟಿದೆ.”

“ಯಾರ ಕೈಗೆ ಕೊಟ್ರು? ನನ್ನ ಕೈಗೆ ಯಾರೂ ಕೊಟ್ಟಿಲ್ಲ. ಬೈಬಲ್ ತಾ, ಮುಟ್ಟಿ ಹೇಳ್ತೀನಿ.”

ಜನೆಲ್ ಓದಿದಳು. “ಜೂನ್ ತಿಂಗಳು. ಶೆರೀಫನ ಪೊಲೀಸಿನೋರು ಕೊಟ್ಟಿದಾರೆ. ಮನೆಯಲ್ಲಿದ್ದ ವಯಸ್ಸಾದ ಗಂಡಸು ಕೈಯಾರೆ ತೆಗೆದುಕೊಂಡಿದ್ದಾನೆ ಅಂತಿದೆ.”

ಲುವೀನಿಯಾ ಕುರ್ಚಿ ಹುಡುಕಿ ಕೂತಳು. ಜೂನ್‌ನಲ್ಲಿ ಒಂದು ಮಧ್ಯಾಹ್ನ ಅವಳು ಅಂಗಡಿಯಿಂದ ಬಂದಾಗ ಕ್ಲೀವನ್ ಮೆಟ್ಟಿಲ ಮೇಲೆ ಕೂತು ತನ್ನಷ್ಟಕ್ಕೆ ನಗುತ್ತಿದ್ದ. ಶೆರೀಫನ ಕಡೆಯವನೊಬ್ಬ ಬಂದಿದ್ದ ಅಕ್ಕ, ಈಸಾವ್ ಟಟ್ನಾಲ್ ಮನೆಯವರು ಯಾರು ಅಂದ, ಈಸಾವ್ ಹಿಂದುಗಡೆ ಮರದ ಕೆಳಗೆ ಮಲಗಿದಾನೆ, ಎಬ್ಬಿಸಿ ಕೊಡಪ್ಪ ಅಂದೆ, ಕಾಗದ ನನ್ನ ಕೈಗೆ ತುರುಕಿ ಓಡಿದ ಎಂದಿದ್ದ. ಅವಳೂ ಬಿದ್ದು ಬಿದ್ದು ನಕ್ಕಿದ್ದಳು. ಕಾಗದವೆಲ್ಲೋ ಎಂದರೆ, ಅವನು ಕಡಲೆಕಾಯಿ ಬೇಯುತ್ತಿದ್ದ ಒಲೆಯ ಕಡೆ ಗದ್ದ ತಿರುಗಿಸಿ, ಉರಿಗೆ ಹಾಕಿದೆ ಎಂದಿದ್ದ. ಇಬ್ಬರೂ ಆ ಕಡಲೆಕಾಯಿ ತಿಂದಿದ್ದರು.

“ಮೊದಲ ಬಿಲ್ಲು ಎಷ್ಟಿತ್ತು?” ಎಂದು ಕೇಳಿದಳು.

“ಬಿಡಿ ಮಿಸ್ ಲುವೀನಿಯಾ, ಯಾಕೆ ಅದೆಲ್ಲ.”

“ಹೇಳೇ.”

“ಟ್ರೇಲರಿಂದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.” ಜನೆಲ್ ಪರದೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. “ವರ್ಷಾ ವರ್ಷ ನಿಮಗೆ ಸ್ಟಿಕ್ಕರ್ ಕೊಟ್ಟೋಳು ನಾನೇ. ನೆಲದ್ದೂ ಕಟ್ಟಿದೀರಾ ಅಂತ ಒಂದ್ಸಲ ಬಾಯಿ ಬಿಟ್ಟು ಕೇಳ್ಲಿಲ್ಲ. ಅದು ಪಕ್ಕದ ಕಿಟಕಿ ಕೆಲಸ ಅಂತ ಸುಮ್ನಿದ್ದೆ.”

“ನೀನೇನ್ ಮಾಡ್ತೀಯ ಬಿಡು,” ಎಂದು ಲುವೀನಿಯಾ ಟೋಪಿ ಸರಿಪಡಿಸಿಕೊಂಡು ಎದ್ದಳು.

ಬಡವರ ಪರವಾಗಿ ಪುಕ್ಕಟೆ ವಾದಿಸುವ ವಕೀಲೆಯೊಬ್ಬಳು ಕಡತವನ್ನೆಲ್ಲ ನೋಡಿದಳು. ಮನೆಯಲ್ಲಿದ್ದವರ ಕೈಗೆ ನೋಟಿಸು ಸೇರಿದೆ, ಅದೊಂದು ಆಗಿರದಿದ್ದರೆ ದಾರಿಯಿತ್ತು ಎಂದಳು. ಟ್ರೇಲರ್ ಮಾತ್ರ ನಿಮ್ಮದೇ, ತೆಗೆದುಕೊಂಡು ಹೋಗಬಹುದು ಎಂದೂ ಹೇಳಿದಳು. ಸಾಗಿಸುವವನು ಬಂದು ಅದರಡಿ ತೂರಿ, ತುಕ್ಕು ಹಿಡಿದ ಕಬ್ಬಿಣಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಎತ್ತಿದರೆ ಎರಡು ತುಂಡಾಗುತ್ತೆ ತಾಯಿ ಎಂದು ಹೇಳಿ ಬಂದ ಖರ್ಚನ್ನೂ ಕೇಳದೆ ಹೋದ. ಗೋರಿಗಳನ್ನು ಯಾರೂ ಕೀಳುವಂತಿಲ್ಲವಂತೆ. ಬಂದು ಹೂವಿಡಬಹುದು, ಮೊದಲು ಕಂಪನಿಗೆ ತಿಳಿಸಿ ಬರಬೇಕು. ಹೆತ್ತ ಮಗಳ ತಲೆದೆಸೆಯಲ್ಲಿ ನಿಲ್ಲುವುದಕ್ಕೆ ಅಟ್ಲಾಂಟಾದವನ ಅಪ್ಪಣೆ.

ಇಷ್ಟೆಲ್ಲ ಆಗುವವರೆಗೂ ಕ್ಲೀವನ್‌ಗೆ ಅವಳು ಅರ್ಧವನ್ನಷ್ಟೇ ಹೇಳಿದ್ದಳು. ಸಾಮಾನು ಕಟ್ಟಲು ಶುರುಮಾಡಿದ ದಿನ ಬೆಳಿಗ್ಗೆ ಜೋಳದ ಗಂಜಿಯ ಮುಂದೆ ಕೂತು ಅವನು ಚಮಚ ಮುಟ್ಟಲಿಲ್ಲ.

“ಹೆಂಗ್ ಹೋಯ್ತು ಅಂತ ನೆಟ್ಟಗೆ ಹೇಳಕ್ಕ. ಹೇಳ್ದೆ ಕೇಳ್ದೆ ಕಿತ್ಕೊಳ್ಳೋಕೆ ಆಗತ್ತಾ?” ಮತ್ತೆ ದನಿ ತಗ್ಗಿಸಿ ಕೇಳಿದ. “ಅವತ್ತು ಶೆರೀಫನ ಕಡೆಯವನು ಬಂದಿದ್ನಲ್ಲ. ಅದಕ್ಕೂ ಇದಕ್ಕೂ ಏನಾದ್ರೂ...”

ಅವಳು ಅವನ ಮುಖ ನೋಡಿದಳು. ಬೆಳಕಿಲ್ಲದ ಆ ಎರಡು ಕಣ್ಣು ಅವಳ ದನಿ ಬರುವ ಕಡೆ ತಿರುಗಿ ಕಾಯುತ್ತಿದ್ದವು. ಅವನಿಗೆ ಇನ್ನು ಉಳಿದಿರುವುದಾದರೂ ಏನು?

“ಅದು ಬೇರೆ ಕಣೋ. ಬಿರುಗಾಳಿ ಕಾಲ ಬಂತು, ಹುಷಾರಾಗಿರಿ ಅಂತ ಮನೆಮನೆಗೂ ಹಂಚಿದ ಕಾಗದ. ಜನೆಲ್‌ನ ಕೇಳ್ದೆ.” ತುಸು ನೀರು ಕುಡಿದಳು. “ನೆಲ ಹೋಗಿದ್ದು ನನ್ನಿಂದ. ತಾತನ ಹೆಸರಿಗೆ ಬಿಲ್ಲು ಬರ್ತಿತ್ತು, ನಾನು ಒಡೀದೆ ವಾಪಸ್ ಕಳಿಸ್ತಿದ್ದೆ.”

ಕ್ಲೀವನ್ ಉಸಿರು ಬಿಟ್ಟ. ಎದೆಯ ಮೇಲಿನ ಭಾರ ಇಳಿದದ್ದು ಅವಳಿಗೆ ಕಂಡಿತು. ಇಳಿದ ಮೇಲೆ ಆ ಜಾಗಕ್ಕೆ ಸಿಟ್ಟು ಬಂತು.

“ಕಣ್ಣಿಲ್ದೋನು ನಾನು. ನೀನು ಕಣ್ಣಿದ್ದೋಳು, ಓದು ಬರಹ ಬಲ್ಲೋಳು. ಊರಿಗೆಲ್ಲ ಬುದ್ಧಿ ಹೇಳ್ತಿದ್ದೆಯಲ್ಲ, ಒಂದು ಲಕೋಟೆ ಒಡೆಯೋಕಾಗ್ಲಿಲ್ವಾ ನಿನಗೆ?”

“ಆಗ್ಲಿಲ್ಲ ಕಣೋ.”

“ಅಪ್ಪ ಅವ್ವನ್ನ ಮಾರ್ಬಿಟ್ಟೆ. ನಿನ್ನ ಹೊಟ್ಟೇಲಿ ಹುಟ್ಟಿದ ಮಗೂನೂ ಮಾರ್ಬಿಟ್ಟೆ.”

ಅವಳ ತುಟಿ ನಡುಗಿತು. ದನಿಯನ್ನು ಮಾತ್ರ ನಡುಗಗೊಡಲಿಲ್ಲ.

“ಹೌದು,” ಎಂದಳು. “ನಾನೇ.”

ಇನ್ನು ನಿನ್ನ ಕೈಯ ಅನ್ನ ಮುಟ್ಟುವುದಿಲ್ಲ ಎಂದು ಅವನು ತಟ್ಟೆ ತಳ್ಳಿದ. ಅವಳು ತಟ್ಟೆಯನ್ನು ಮತ್ತೆ ಅವನ ಮುಂದೆ ಎಳೆದು, ಬೆರಳು ಬಿಡಿಸಿ ಚಮಚ ಹಿಡಿಸಿದಳು. “ಗಂಜಿ ಆರೋಗತ್ತೆ, ತಿನ್ನು. ಮಾತ್ರೆ ನುಂಗ್ಬೇಕು,” ಎಂದು ಪಕ್ಕದಲ್ಲೇ ಕೂತಳು.