ನಾನು ತೋರಿಸದ ಬಾಂದುಕಲ್ಲು

ನನ್ನ ಹೆಂಡತಿಯ ತಮ್ಮ ಡ್ರೋನ್ ತಂದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಇಪ್ಪತ್ತು ವರ್ಷದಿಂದ ನಂಜನಗೂಡು, ತಿ. ನರಸೀಪುರದ ಹೊಲಗದ್ದೆ ಅಳೆಯುತ್ತಿರುವ ಲೈಸೆನ್ಸ್ ಸರ್ವೇಯರ್ ನಾನು. ಸರಪಳಿ ಬಿಟ್ಟು ಹೊಸ ಅಳತೆ ಯಂತ್ರ ಕೊಂಡಾಗ ನನಗೆ ಒಂದು ಲೋಟ ಪಾಯಸ ಮಾಡಿಕೊಟ್ಟವರಿಲ್ಲ. ಅದೇನು ಡ್ರೋನೋ, ಮನೆಗೆ ಬಂದ ಮದುಮಗನೋ! ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದಳು ನನ್ನ ಹೆಂಡತಿ. ನಾನು ಹೋಳಿಗೆ ಮುಟ್ಟಲಿಲ್ಲ, ಹೊಟ್ಟೆ ಸರಿಯಿಲ್ಲ ಅಂದೆ. ಹೊಟ್ಟೆ ಸರಿಯಿರಲಿಲ್ಲ ಅನ್ನುವುದೇನೋ ನಿಜವೇ.

ಅವನಿಗೆ ಈ ಕೆಲಸ ಕಲಿಸಿದ್ದು ನಾನು. ಹಳೆಯ ಅಳತೆಯ ಟಿಪ್ಪಣಿ ಓದುವುದು, ಹೊಲದ ಗಡಿಗೆ ನೆಟ್ಟ ಬಾಂದುಕಲ್ಲು ಹುಡುಕುವುದು, ಜಗಳಕ್ಕೆ ನಿಂತ ಅಣ್ಣತಮ್ಮಂದಿರ ನಡುವೆ ಟೇಪು ಎಳೆಯುವುದು, ಎಲ್ಲ. ಅಷ್ಟರಲ್ಲಿ ನಮ್ಮ ಕಡೆಗೂ ಸೋಲಾರ್ ಬಂತು. ಸಬ್‌ಸ್ಟೇಷನ್ ಹತ್ತಿರ ನಾಲ್ಕು ಎಕರೆ ಇದ್ದರೆ ಸಾಕು, ದಲ್ಲಾಳಿಗಳು ಬೆಳಗಾಗುವುದರೊಳಗೆ ಬಾಗಿಲಲ್ಲಿರುತ್ತಿದ್ದರು. ಪ್ಯಾನಲ್ ಹೊತ್ತ ಲಾರಿಗಳು ಸುತ್ತೂರಿನ ರಸ್ತೆಯಲ್ಲಿ ಧೂಳೆಬ್ಬಿಸುತ್ತಿದ್ದವು. ಕಳಲೆಯಲ್ಲಿ ಒಬ್ಬ ರೈತನಿಗೆ ನಾನು ಹಿಂದೆ ಎರಡು ಸಲ ಅಳತೆ ಮಾಡಿಕೊಟ್ಟಿದ್ದೆ. ಅವನು ದಾರಿಯಲ್ಲಿ ನನ್ನ ಬೈಕ್ ನಿಲ್ಲಿಸಿದ. ಕೆಲಸ ಬಂತು ಅಂದುಕೊಂಡೆ.

“ಸಾ, ನಿಮ್ ಬಾಮೈದುನ್ ನಂಬರ್ ಕೊಡಿ ಸಾ. ಮೇಲಿಂದ ಅಳೀತಾರಂತಲ್ಲ.”

ಕೊಟ್ಟೆ. ಮೈಯೆಲ್ಲ ಉರಿದುಹೋಯಿತು.

ಒಂದು ದಿನ ಅವನ ಕೆಲಸ ನೋಡಲು ನಾನೇ ಹೋದೆ. ನೋಡಲು ಎನ್ನುವುದಕ್ಕಿಂತ ಹುಳುಕು ಹುಡುಕಲು ಎನ್ನಬೇಕು. ಜಮೀನಿನ ಮೂಲೆಗಳಲ್ಲಿ ಕೂಡುವ ಗುರುತು ಬರೆದ ಬಿಳಿ ಬಟ್ಟೆ ಹಾಸಿ, ಮುಕ್ಕಾಲಿಯ ಮೇಲೆ ಜಿಪಿಎಸ್ ನಿಲ್ಲಿಸಿ, ಡ್ರೋನ್ ಹಾರಿಸಿದ. ಕುರಿ ಬಿಟ್ಟು ಬಂದವರು, ಶಾಲೆಯ ಮೇಷ್ಟ್ರು, ಎಲ್ಲರೂ ಮುಖ ಮೇಲೆತ್ತಿ ನಿಂತರು. “ಏನ್ಲಾ ಇದು, ಅದ್ದು ಆರ್ದಂಗೇ ಆರ್ತದೆ!” ಅಂದ ಒಬ್ಬ ಕುರಿಯವನು. ನಾನು ಎಂಟು ದಿನ ಮುಳ್ಳು ತುಳಿದು ಮುಗಿಸುವ ಜಮೀನು ಎರಡು ಬ್ಯಾಟರಿಯಲ್ಲಿ ಮುಗಿದುಹೋಯಿತು. ಇಳಿಜಾರು ಎಷ್ಟು, ತೆಂಗಿನ ನೆರಳು ಎಲ್ಲಿ ಬೀಳುತ್ತದೆ, ಯಾವ ಸಾಲಿಗೆ ಎಷ್ಟು ಪ್ಯಾನಲ್ ಕೂರುತ್ತದೆ, ಎಲ್ಲ ಲ್ಯಾಪ್‌ಟಾಪಿನಲ್ಲಿ. ಸೋಲಾರ್ ಕಂಪನಿಯ ಎಂಜಿನಿಯರ್ ಅವನ ಬೆನ್ನು ತಟ್ಟಿದ. ಹುಳುಕು ಒಂದೂ ಸಿಗಲಿಲ್ಲ, ಹಾಳಾದ್ದು.

ಹುಳುಕು ತಾನಾಗಿಯೇ ಮುಂದಿನ ಭಾನುವಾರ ನಮ್ಮ ಮನೆಗೆ ಬಂತು. ಡ್ರೋನ್ ತೆಗೆದ ಚಿತ್ರದ ಮೇಲೆ ಹಳೆಯ ಗ್ರಾಮನಕ್ಷೆ ಕೂರಿಸಬೇಕಾದರೆ ನಾಲ್ಕು ಬಾಂದುಕಲ್ಲು ಬೇಕು. ಆ ಜಮೀನಿನಲ್ಲಿ ಅವನಿಗೆ ಮೂರು ಸಿಕ್ಕಿದ್ದವು.

“ಭಾವ, ನಾಲ್ಕನೇದು ಎಲ್ಲೂ ಕಾಣ್ತಿಲ್ಲ. ಪಕ್ಕದ ಹೊಲ ನೀವು ಹಿಂದೆ ಅಳ್ದಿದ್ರಂತಲ್ಲ. ಒಂದ್ಗಳಿಗೆ ಬಂದು ತೋರ್ಸಿ.”

ಕಲ್ಲು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಹೊಲ ಒಬ್ಬ ವಯಸ್ಸಾದ ಹೆಂಗಸಿನದು. ಅವರ ಹೊಲದ ಮೂಲೆಯಲ್ಲಿ ಒಂದು ಹುತ್ತ, ಆ ಹುತ್ತ ಬೆಳೆದು ಬಾಂದುಕಲ್ಲನ್ನು ನುಂಗಿತ್ತು. ನಾನು ಅಳೆಯಲು ಹೋದಾಗ ಕಲ್ಲಿನ ನೆತ್ತಿ ಅಷ್ಟೇ ಕಾಣುತ್ತಿತ್ತು. “ಅಗೀಬ್ಯಾಡಿ ಸಾ, ನಾಗಪ್ಪ ಅವ್ನೆ” ಎಂದು ಆಕೆ ಕೈಮುಗಿದರು. ಹುತ್ತದ ಮೇಲೆ ನೇಗಿಲು ಹಾಯಬಾರದೆಂದು ಅವರ ಅತ್ತೆಯ ಕಾಲದಲ್ಲೇ ಬದುವನ್ನು ತಮ್ಮ ಹೊಲದೊಳಕ್ಕೇ ಬಾಗಿಸಿಕೊಂಡಿದ್ದರು. ಹುತ್ತದ ಜಾಗ ಅವರದೇ, ಬದು ಮಾತ್ರ ಅದಕ್ಕಿಂತ ಒಳಗೆ. ಆಚೆ ಹೊಲದವರಿಗೂ ಇದು ಗೊತ್ತಿತ್ತು, ಯಾರೂ ತಕರಾರು ಮಾಡಿರಲಿಲ್ಲ. ಈಗ ಆಚೆಯ ಆ ಹೊಲ ಮೈಸೂರಿನಲ್ಲಿರುವ ಅವರ ಮಕ್ಕಳ ಕೈಗೆ ಬಂದು, ಕಂಪನಿಗೆ ಗುತ್ತಿಗೆಗೆ ಹೋಗಿತ್ತು; ಬಾಮೈದ ಅಳೆಯುತ್ತಿದ್ದುದು ಅದನ್ನೇ. ಹುತ್ತದ ಮೇಲೆ ಪೊದೆ ಹಬ್ಬಿ, ಮೇಲಿಂದ ನೋಡಿದರೆ ಬರೀ ಹಸಿರು.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

“ನಂಗೆಲ್ಲಿ ಪುರುಸೊತ್ತು ಕಣೋ? ನಿಂದು ಆಕಾಶದಿಂದ ಎಲ್ಲಾ ಕಾಣುತ್ತಲ್ಲ, ಹುಡುಕ್ಕೋ” ಅಂದೆ. ಒಳಗಿಂದ ಹೆಂಡತಿ “ರೀ, ಹೋಗಿ ಬರಬಾರ್ದಾ?” ಅಂದಳು. ಅದರಿಂದಲೇ ಇನ್ನಷ್ಟು ಹಟ ಬಂತು. ಅವನು ಒಂದು ಸಲವಾದರೂ ಮುಗ್ಗರಿಸಲಿ, ಎಂಜಿನಿಯರ್ ಎದುರು ಮುಖ ಸಣ್ಣದಾಗಲಿ. ನನಗೆ ಬೇಕಾಗಿದ್ದು ಅಷ್ಟೇ.

ಅವನು ಬದುವಿನ ಮೂಲೆಯನ್ನೇ ನಾಲ್ಕನೆಯ ಗುರುತು ಅಂದುಕೊಂಡ; ಹುತ್ತ ಕಂಪನಿಯ ಕಡೆಗೆ ಸೇರಿತು. ಆ ಹೆಂಗಸು ಮಗಳ ಬಾಣಂತನಕ್ಕೆ ನರಸೀಪುರಕ್ಕೆ ಹೋಗಿದ್ದರು. ಬೇಲಿಯ ಗುರುತು ಬಿತ್ತು, ಬೇಲಿ ಎದ್ದಿತು, ಜೆಸಿಬಿ ಬಂತು, ಪೊದೆಯ ಜೊತೆ ಹುತ್ತವನ್ನೂ ತಳ್ಳಿ ಸಮ ಮಾಡಿತು. ಕಲ್ಲು ಮಣ್ಣಿನಿಂದ ಕಿತ್ತುಬಂದು ಹೊರಬಿತ್ತು.

ಅವನು ಫೋನ್ ಮಾಡಿ ಬೇಗ ಬನ್ನಿ ಅಂದ. ಓಡಿದೆ. ಆಕೆ ಬಸ್ಸಿಳಿದು ನೇರ ಹೊಲಕ್ಕೆ ಬಂದಿದ್ದರು, ಕೈಯಲ್ಲಿ ಇನ್ನೂ ಬಟ್ಟೆಯ ಚೀಲ. ಕೆಂಪು ಮಣ್ಣಿನ ಮೇಲೆ ಕೂತುಬಿಟ್ಟಿದ್ದರು. ಎಂಜಿನಿಯರ್, “ಬೇಲಿ ಇವತ್ತೇ ತೆಗೆಸ್ತೀವಿ ಅಮ್ಮ, ನಿಮ್ಮ ಜಾಗ ನಿಮಗೇ” ಎಂದು ಹೇಳುತ್ತಲೇ ಇದ್ದ.

“ಬೇಲಿ ತಗೀತೀರಿ. ಉತ್ತ ಯಾರ್ ಕಟ್ಕೊಡ್ತೀರಪ್ಪ?” ಅಂದರು.

ನನ್ನ ಬಾಮೈದ ಅವರ ಮುಂದೆ ಕೂತು ಕೈಮುಗಿದ. “ತಪ್ಪು ನಂದೇ ಅಮ್ಮ. ಗೊತ್ತಿಲ್ದೆ ಗೆರೆ ಹಾಕ್ಬಿಟ್ಟೆ.” ಆಕೆ ಅವನನ್ನು ಬೈಯಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

“ನೀವು ಕಂಡಿದ್ರಲ್ಲ ಸಾ ಆ ಕಲ್ಲ. ಇವ್ರು ನಿಮ್ಮುನ್ನ ಒಂದ್ ಮಾತ್ ಕೇಳ್ಲಿಲ್ವಾ?”

ಎಲ್ಲರೂ ನನ್ನನ್ನೇ ನೋಡಿದರು. ಎಂಜಿನಿಯರ್, ಜೆಸಿಬಿ ಡ್ರೈವರ್, ಇವನು.

“ಇಲ್ಲ” ಅಂದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಈಗ ಬಾಯಿ ಬಿಡುತ್ತಾನೆ, ಮಾನ ಹೋಯಿತು ಅಂದುಕೊಂಡೆ. ಅವನು ಆಕೆಯ ಕಡೆಗೇ ತಿರುಗಿ, “ಹೌದಮ್ಮ, ಭಾವನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ” ಅಂದ.

ನಾನು ‘ಇಲ್ಲ’ ಅಂದದ್ದನ್ನು ಅವನು ತನ್ನ ಅಕ್ಕನಿಗೂ ಹೇಳಿಲ್ಲ. ಭಾನುವಾರ ಬರುತ್ತಾನೆ, ಭಾವ ಎಂದೇ ಕರೆಯುತ್ತಾನೆ, ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಾನೆ. ಅವನ ಡ್ರೋನು, ಅವನ ಕಂಪನಿ ಕೆಲಸ, ಯಾವುದಕ್ಕೂ ನನಗೀಗ ಹೊಟ್ಟೆಕಿಚ್ಚಿಲ್ಲ. ಅವನಿಗೆ ಅಷ್ಟು ಸುಲಭವಾಗಿ ಬಂದ ಆ ಒಂದು ಸುಳ್ಳಿಗೆ ಮಾತ್ರ ದಿನಾ ಉರಿಯುತ್ತೇನೆ. ಅವನ ಜಾಗದಲ್ಲಿ ನಾನಿದ್ದಿದ್ದರೆ ಆ ಸುಳ್ಳು ಹೇಳುತ್ತಿರಲಿಲ್ಲ, ಭಾವನನ್ನು ಕೇಳಿದ್ದೆ ಎಂದುಬಿಡುತ್ತಿದ್ದೆ.